ಇದ್ದೂ ಇಲ್ಲದ ರಕ್ತ

ಫ್ರಿಜ್ ಬಾಗಿಲು ತೆರೆದ ನರ್ಸ್‌ಗೆ ಹೋದ ಜೀವ ಬಂದಂತಾಯಿತು. ಬೇಕಾದ ನೆಗೆಟಿವ್ ಗುಂಪಿನ ರಕ್ತ ಅಲ್ಲೇ ಇತ್ತು. ಗೋಡೆಯ ಸ್ಕ್ರೀನ್ ತೋರಿಸಿದಷ್ಟೇ ಬ್ಯಾಗುಗಳು, ಸಾಲಾಗಿ.

ಪಕ್ಕದ ಆಪರೇಷನ್ ಕೋಣೆಯಲ್ಲಿ ಆಗಷ್ಟೇ ಹೆತ್ತ ಹುಡುಗಿಯೊಬ್ಬಳಿಗೆ ರಕ್ತಸ್ರಾವ ನಿಲ್ಲುತ್ತಿರಲಿಲ್ಲ.

ನರ್ಸ್ ಮೊದಲ ಬ್ಯಾಗಿನ ಚೀಟಿ ನೋಡಿದಳು. ಅವಧಿ ಮುಗಿದಿತ್ತು. ಎರಡನೆಯದು? ಅದೂ ಮುಗಿದಿತ್ತು. ಅದರ ಹಿಂದಿನದು—

"ಸಿಸ್ಟರ್, ರಕ್ತ ಎಲ್ಲಿ?" ಒಳಗಿನಿಂದ ಡಾಕ್ಟರ್ ಕೂಗಿದರು.

"ಇದೆ ಸರ್... ಆದ್ರೆ ಇಲ್ಲ!"

ಆ ಮಾತಿಗೆ ಅರ್ಥ ಕೇಳುವ ಪುರುಸೊತ್ತು ಯಾರಿಗಿತ್ತು? ಫ್ರಿಜ್ ತುಂಬಿದೆ ಎಂದು ಸ್ಕ್ರೀನ್ ಹೇಳುತ್ತಿದ್ದುದರಿಂದ ಆ ಆಸ್ಪತ್ರೆಗೆ ಹೊಸ ರಕ್ತ ಕಳಿಸುವ ಯೋಚನೆಯೇ ಯಾರಿಗೂ ಬಂದಿರಲಿಲ್ಲ. ಬೇರೆ ಕಡೆಯಿಂದ ಬ್ಯಾಗು ತರಿಸುವಷ್ಟರಲ್ಲಿ ಬಾಣಂತಿಗೆ ಪ್ರಜ್ಞೆ ತಪ್ಪಿತ್ತು. ಮಗು ಚೆನ್ನಾಗಿತ್ತು. ತಾಯಿಯ ಬಗ್ಗೆ ಡಾಕ್ಟರುಗಳು ಏನೂ ಹೇಳಲೊಲ್ಲರು.

ಮಾರನೆಯ ಬೆಳಿಗ್ಗೆ, ಆಸ್ಪತ್ರೆಗಳಿಗೆ ರಕ್ತ ಕಳಿಸುವ ಕೇಂದ್ರದಿಂದ ಅತ್ತಿಗೆಗೆ ಕರೆ ಬಂತು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಕಂಪ್ಯೂಟರಿನಲ್ಲಿ ಕೂತ ಲೆಕ್ಕಗಳನ್ನು ಯಾರಾದರೂ ತಿರುಚಿದರೆ ಅದನ್ನು ಬಯಲಿಗೆಳೆಯುವುದು ಅವರ ಕಸುಬು. ನಾನು ಕೆಲಸ ಮಾಡುತ್ತಿದ್ದ ಪತ್ರಿಕೆ ಮುಚ್ಚಿದ ಮೇಲೆ ಅವರ ಕಾರು ಓಡಿಸುತ್ತೇನೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ, ಅವರು ಮರೆಯುವ ಕನ್ನಡಕ ಹುಡುಕಿ ಕೊಡುತ್ತೇನೆ. ಮನೆಯಲ್ಲಿ ಅಣ್ಣ ನನ್ನನ್ನು 'ಕನ್ನಡಕದ ಅಧಿಕಾರಿ' ಎಂದು ರೇಗಿಸುತ್ತಾನೆ. ಅಂದು ಇಬ್ಬರೂ ಕೇಂದ್ರಕ್ಕೆ ಹೊರಟೆವು.

ರಕ್ತ ಕೇಂದ್ರ ಒಂದು ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ಶೀತಲ ಕೋಣೆ ಗುಂಯ್‌ಗುಡುತ್ತಿತ್ತು. ಇನ್ನೊಂದು ತುದಿಯಲ್ಲಿ ಡೇಟಾ ವಿಭಾಗ. ಸುತ್ತಲಿನ ಎಲ್ಲ ಆಸ್ಪತ್ರೆಗಳ ಫ್ರಿಜ್‌ಗಳ ಮಾಹಿತಿ ಅಲ್ಲಿಗೆ ಬಂದು ಬೀಳುತ್ತದೆ. ಅದನ್ನೆಲ್ಲ ಒಂದಕ್ಕೊಂದು ಜೋಡಿಸಿ, ಲೆಕ್ಕದ ಸೂತ್ರಗಳನ್ನು ಹೆಣೆದು ಕಟ್ಟಿದ್ದೇ ಅವರ ಡೇಟಾ ಮಾಡೆಲ್. ಎಲ್ಲಿ ಯಾವ ರಕ್ತ ಎಷ್ಟಿದೆ ಎಂದು ಸ್ಕ್ರೀನ್‌ಗಳಲ್ಲಿ ಕಾಣುವುದು ಆ ಸೂತ್ರಗಳ ಉತ್ತರ. ಗಾಡಿಗಳು ಹೊರಡುವುದು ಅದನ್ನು ನೋಡಿಕೊಂಡು.

ಕೇಂದ್ರದ ನಿರ್ದೇಶಕಿ ಒಬ್ಬ ಡಾಕ್ಟರ್. ಎಲ್ಲರೂ ಡಾಕ್ಟರಮ್ಮ ಎನ್ನುತ್ತಿದ್ದರು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

"ಕಂಡುಹಿಡಿಯೋದಕ್ಕೆ ಹೆಚ್ಚೇನಿಲ್ಲ ಮೇಡಂ. 'ಬಳಸಬಹುದಾದ ರಕ್ತ' ಅಂತ ಒಂದು ಸೂತ್ರ ಇದೆ. ಅವಧಿ ಮುಗಿದ ಬ್ಯಾಗನ್ನ ಎಣಿಸಬಾರದು ಅನ್ನೋ ಷರತ್ತು ಅದರಲ್ಲಿತ್ತು. ಆ ಷರತ್ತನ್ನ ಯಾರೋ ತೆಗೆದಿದ್ದಾರೆ."

"ಯಾರೋ ಅಂದ್ರೆ?"

"ಮಾಡೆಲ್ ಕಟ್ಟೋ ಹುಡುಗಿ. ಹಿಂದಿನ ವಾರ, ಮಧ್ಯಾಹ್ನ ಊಟದ ಹೊತ್ತಲ್ಲಿ, ಅವಳ ಲಾಗಿನ್‌ನಿಂದ ಬದಲಾವಣೆ ಆಗಿದೆ. ನಿನ್ನೆ ಅನಾಹುತ ಆದ್ಮೇಲೆ ಷರತ್ತನ್ನ ವಾಪಸ್ ಹಾಕಿದ್ದೂ ಅವಳೇ. ಆಮೇಲೆ ಅವಳ ಲಾಗಿನ್ ಬಂದ್ ಮಾಡ್ಸಿದೆ. ಸಂಜೆಗೆ ಪೊಲೀಸರು ಬರ್ತಾರೆ."

"ಅವಳಿಗೇನು ಲಾಭ?"

ಡಾಕ್ಟರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. "ಲಾಭ ಯಾರಿಗೂ ಇಲ್ಲ. ತಪಾಸಣೆ ಬರೋದಿತ್ತು. ನಮ್ಮಲ್ಲಿ ಪೋಲಾಗೋ ರಕ್ತ ಜಾಸ್ತಿ. ಹೀಗೇ ಆದ್ರೆ ಈ ಕೇಂದ್ರ ಮುಚ್ತೀವಿ ಅಂತ ಮೇಲಿನವರು ಹೇಳಿದ್ರು. ಎಲ್ಲರೂ ಒತ್ತಡದಲ್ಲಿದ್ವಿ."

"ಒತ್ತಡ ಹಾಕಿದ್ದು ಯಾರು?"

ಡಾಕ್ಟರಮ್ಮ ಎದ್ದು ಬಾಗಿಲು ತೆರೆದರು. "ಬನ್ನಿ, ಹುಡುಗಿಯನ್ನ ತೋರಿಸ್ತೀನಿ."

*

ಹುಡುಗಿಯನ್ನು ಸಭೆ ನಡೆಸುವ ಕೋಣೆಯಲ್ಲಿ ಕೂರಿಸಿದ್ದರು. ಗಿಡ್ಡಗಿದ್ದುದಕ್ಕೆ ಎಲ್ಲರೂ ಅವಳನ್ನು ಪುಟ್ಟಕ್ಕ ಎನ್ನುತ್ತಿದ್ದರು. ಎದುರಿಗಿದ್ದ ನೀರಿನ ಲೋಟವನ್ನು ಅವಳು ಮುಟ್ಟಿರಲಿಲ್ಲ.

"ನಾನು ಮಾಡಿಲ್ಲ," ಎಂದಳು, ನಾವು ಕೂರುವ ಮೊದಲೇ. "ಆ ಅಮ್ಮ ಸತ್ತುಹೋದ್ರಾ?"

"ಇಲ್ಲಮ್ಮ. ಇದ್ದಾಳೆ," ಎಂದರು ಅತ್ತಿಗೆ.

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತಿಗೆ ಕಾದರು. ಕೇಳುವ ಆತುರ ನನಗಿತ್ತು, ಅವರಿಗಿರಲಿಲ್ಲ.

"ನಿನ್ನ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಪುಟ್ಟಕ್ಕ ನೀರಿನ ಲೋಟವನ್ನು ದೂರ ಸರಿಸಿದಳು.

"ನೋಡಮ್ಮ, ಈಗ ಯಾರ ಮಾನ ಕಾಯೋ ಹೊತ್ತೂ ಅಲ್ಲ."

"ನಮ್ಮಮ್ಮನಿಗೆ ಆಪರೇಷನ್ ಆದಾಗ ರಜೆ ಹಾಕಿದ್ದೆ. ಕೆಲಸ ನಿಲ್ಲಬಾರದು ಅಂತ ಇಬ್ಬರಿಗೆ ಕೊಟ್ಟಿದ್ದೆ. ಮೆಷಿನ್ ನೋಡ್ಕೊಳ್ಳೋ ಕೇಬಲ್ ಅಣ್ಣನಿಗೆ. ಮತ್ತೆ... ಮೇಷ್ಟ್ರಿಗೆ."

"ಮೇಷ್ಟ್ರು ಅಂದ್ರೆ?"

"ನಮ್ಮ ವಿಭಾಗದ ಮುಖ್ಯಸ್ಥರು. ನಂಗೆ ಈ ವಿದ್ಯೆ ಕಲಿಸಿದವರು. ಅವರ ಮೇಲೆ ಅನುಮಾನ ಪಡಬೇಡಿ ಮೇಡಂ. ಈ ಮಾಡೆಲ್‌ನ ಮೊದಲು ಕಟ್ಟಿದ್ದೇ ಅವರು. ಅವರು ಹೆತ್ತ ಮಗು ಇದು."

"ಷರತ್ತು ಹೋಗಿದ್ದು ಇಷ್ಟು ದಿನ ನಿನ್ನ ಕಣ್ಣಿಗೆ ಬೀಳಲಿಲ್ವಾ?"

ಪುಟ್ಟಕ್ಕ ಕಣ್ಣೊರೆಸಿಕೊಂಡಳು. ಕೆಲಸದ ಮಾತು ಬಂದ ಕೂಡಲೇ ಧ್ವನಿ ಸ್ವಲ್ಪ ಗಟ್ಟಿಯಾಯಿತು.

"ಮಾಡೆಲ್ ಕಟ್ಟೋ ಮುಖ್ಯ ಸಾಫ್ಟ್‌ವೇರ್‌ನಲ್ಲಿ ಒಂದು ಸಲಕ್ಕೆ ಒಂದೇ ಸೂತ್ರ ಕಾಣ್ಸುತ್ತೆ. ಬೀಗದ ತೂತಿಂದ ಮನೆ ನೋಡಿದ ಹಾಗೆ. ಅದಕ್ಕೇ ನಾವು ಹೊರಗಿನ ಟೂಲ್‌ಗಳನ್ನ ಇಟ್ಕೊಂಡಿದ್ವಿ. ಒಂದು ಟೂಲ್‌ನಲ್ಲಿ ಎಲ್ಲಾ ಸೂತ್ರಗಳನ್ನೂ ಒಟ್ಟಿಗೆ ತಿದ್ದಬಹುದು. ಇನ್ನೊಂದು, ಯಾವ ಸೂತ್ರದ ಮೇಲೆ ಯಾವುದು ನಿಂತಿದೆ ಅಂತ ತೋರ್ಸುತ್ತೆ. ಮತ್ತೊಂದು, ಹಳೇ ಮಾಡೆಲ್ಲು ಹೊಸ ಮಾಡೆಲ್ಲು ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ಹೇಳುತ್ತೆ. ಅದು ದಿನಾ ಓಡ್ತಿತ್ತು. ಇದ್ದಿದ್ರೆ ಮಾರನೇ ಬೆಳಿಗ್ಗೆನೇ ಗೊತ್ತಾಗ್ತಿತ್ತು."

"ಇದ್ದಿದ್ರೆ ಅಂದ್ಯಲ್ಲ?"

"ತೆಗೆಸಿಬಿಟ್ರು. ಹೊರಗಿನ ಟೂಲ್‌ನಿಂದ ರೋಗಿಗಳ ಮಾಹಿತಿ ಸೋರಿಹೋಗುತ್ತೆ, ಅಪಾಯ ಅಂತ. ಈ ಬದಲಾವಣೆಗೆ ಸ್ವಲ್ಪ ದಿನ ಮುಂಚೆ."

"ನಿನ್ನ ಮೆಷಿನ್‌ನಿಂದಲೂ?"

"ನನ್ನದರಿಂದಲೇ ಮೊದಲು."

ಕೇಬಲ್ ಅಣ್ಣ ಎಂಬಾತ ಕುತ್ತಿಗೆಗೆ ತಂತಿಯ ಸುರುಳಿ ಹಾಕಿಕೊಂಡೇ ಬಂದ. ಮಾತು ತುಸು ಜೋರು.

"ಹೌದು ಮೇಡಂ, ನಾನೇ ತೆಗ್ದೆ. ಹೇಳಿದ್ದು ಮಾಡೋನು ನಾನು. ಲಿಖಿತ ಆದೇಶ ಡಾಕ್ಟರಮ್ಮಂದು, ಹೇಳಿದ್ದು ಮೇಷ್ಟ್ರು. ಪಾಸ್‌ವರ್ಡ್ ಗೊತ್ತಿತ್ತು ನಿಜ. ಅದಕ್ಕೆ ನನ್ನ ಜೈಲಿಗೆ ಹಾಕ್ತೀರಾ? ನಂಗೆ ಆ ಸೂತ್ರ ಗೀತ್ರ ಒಂದೂ ತಲೆಗೆ ಹತ್ತಲ್ಲ."

"ಎಲ್ಲರ ಮೆಷಿನ್‌ನಿಂದಲೂ ತೆಗೆದ್ರಾ?"

"ಎಲ್ಲರದ್ದೂ. ಮೇಷ್ಟ್ರದ್ದೊಂದು ಬಿಟ್ಟು. ನಂದು ನಾನೇ ತೆಗೀತೀನಿ ಬಿಡಪ್ಪ ಅಂದ್ರು."

ನಾನು ಅತ್ತಿಗೆಯ ಮುಖ ನೋಡಿದೆ. ಅವರು ಬೇರೆಯದನ್ನು ಕೇಳಿದರು. "ಮಾಡೆಲ್‌ನ ಹಳೇ ಪ್ರತಿ ಎಲ್ಲಾದರೂ ಇದೆಯಾ?"

"ತಿಂಗಳಿಗೊಮ್ಮೆ ನಕಲು ತೆಗೆದಿಡ್ತೀನಿ. ಇದೆ."

*

ದೊಡ್ಡ ಹಾಲ್‌ನಲ್ಲಿ ಗದ್ದಲವೋ ಗದ್ದಲ. ಲ್ಯಾಬಿನವರು, ಗಾಡಿ ಓಡಿಸುವವರು, ಕೈ ಖಾಲಿ ಇದ್ದವರೆಲ್ಲ ಫೋನ್ ಹಿಡಿದು ಆಸ್ಪತ್ರೆ ಆಸ್ಪತ್ರೆಗೆ ಕರೆ ಮಾಡುತ್ತಿದ್ದರು. "ಫ್ರಿಜ್ ತೆಗೆದು ಚೀಟಿ ಓದಿ ಹೇಳಿ... ಸ್ಕ್ರೀನ್ ಬೇಡ, ಚೀಟಿ ಓದಿ!" ಎಷ್ಟೋ ಕಡೆ ಎತ್ತುವವರೇ ಇರಲಿಲ್ಲ. ಒಬ್ಬಾಕೆ ಫೋನ್ ಕಿವಿಗಿಟ್ಟುಕೊಂಡೇ ಬಿಕ್ಕುತ್ತಿದ್ದಳು.

ಅವರೆಲ್ಲರ ನಡುವೆ, ತೋಳು ಮಡಚಿದ ಅಂಗಿಯಲ್ಲಿ, ನರೆತ ತಲೆಯ ಮನುಷ್ಯರೊಬ್ಬರು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದರು. ಮೇಷ್ಟ್ರು.

"ಇದು ಯಾರು ಶುರುಮಾಡಿದ್ದು?" ಅತ್ತಿಗೆ ಕೇಳಿದರು.

"ನಾನೇ. ನಿನ್ನೆಯಿಂದ ನಡೀತಿದೆ. ಎಲ್ಲಾ ಕಡೆ ಕೇಳಿ ಮುಗಿಸೋಕೆ ಇನ್ನೂ ಎಷ್ಟು ಹೊತ್ತು ಬೇಕೋ."

"ಸೂತ್ರ ಸರಿಯಾಯ್ತಲ್ಲ?"

"ಸರಿಯಾಯ್ತು. ಆದ್ರೂ ಸ್ಕ್ರೀನ್ ನಂಬೋ ಹಾಗಿಲ್ಲ. ಪ್ಲೇಟ್‌ಲೆಟ್, ಪ್ಲಾಸ್ಮಾ, ಎಲ್ಲದಕ್ಕೂ ಫೋನ್ ಮಾಡಿಯೇ ಕೇಳಬೇಕು. ನಿನ್ನೆ ಒಂದು ಮಕ್ಕಳ ಆಸ್ಪತ್ರೇಲಿ ಪ್ಲೇಟ್‌ಲೆಟ್ ಇಲ್ಲ ಅಂತ ಹೀಗೇ ಗೊತ್ತಾಗಿದ್ದು. ಗಾಡಿ ಓಡಿಸಿ ಕಳಿಸಿದ್ವಿ. ಮಗು ಉಳೀತು." ಅವರ ದನಿ ಒಡೆದಿತ್ತು. "ಒಂದೊಂದೇ ತೆಗೆದು ಕೈಯಲ್ಲಿ ತಿದ್ದುತ್ತಾ ಕೂತ್ರೆ ಈ ವಾರವಿಡೀ ಬೇಕು ಮೇಡಂ. ಅಷ್ಟರಲ್ಲಿ ಇನ್ನೆಲ್ಲಿ ಏನಾಗುತ್ತೋ!"

ಇಂಥ ಜವಾಬ್ದಾರಿಯ ಮನುಷ್ಯ ಎಲ್ಲ ಕಡೆ ಇದ್ದರೆ ಎಷ್ಟು ಚೆನ್ನ ಎಂದುಕೊಂಡೆ ನಾನು. ಅತ್ತಿಗೆ ಅವರ ಮುಖವನ್ನೇ ನೋಡುತ್ತ ಒಂದು ಕ್ಷಣ ನಿಂತರು.

"ಆ ಹೋಲಿಸಿ ನೋಡೋ ಟೂಲ್ ನನಗೆ ಬೇಕು. ಹಳೇ ಪ್ರತಿ ಇದೆಯಂತೆ."

ಮೇಷ್ಟ್ರು ತಡವರಿಸಿದರು. "ಅದು... ಹೊರಗಿನ ಟೂಲ್‌ಗಳಿಗೆ ನಿಷೇಧ ಇದೆ. ರೋಗಿಗಳ ಮಾಹಿತಿ."

"ಸೂತ್ರ ಹೋಲಿಸೋಕೆ ರೋಗಿಗಳ ಹೆಸರು ಬೇಕಾಗಲ್ಲ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿಷೇಧ ಯಾರದು?"

"ಡಾಕ್ಟರಮ್ಮಂದು."

"ನೀವು ಹೇಳಿ ಹಾಕ್ಸಿದ್ದು."

ಅವರು ತಲೆ ತಗ್ಗಿಸಿದರು.

ಡಾಕ್ಟರಮ್ಮ ಒಂದೇ ಮಾತಿಗೆ ಒಪ್ಪಿದರು. ಕೈಕಾಲು ಕಟ್ಟಿಹಾಕಿದಂತಾಗಿದ್ದ ಆಕೆಗೆ ಒಪ್ಪದೆ ಬೇರೆ ದಾರಿ ಇರಲಿಲ್ಲ. ಕೇಬಲ್ ಅಣ್ಣ ಟೂಲ್ ಹಾಕಿಕೊಟ್ಟ. ಹಳೆಯ ಪ್ರತಿ ತಂದ. ಅತ್ತಿಗೆ ಪುಟ್ಟಕ್ಕನನ್ನು ಕರೆಸಿ ಕುರ್ಚಿಯಲ್ಲಿ ಕೂರಿಸಿದರು.

"ಅವಳನ್ನಾ?" ಡಾಕ್ಟರಮ್ಮ ಬೆಚ್ಚಿದರು.

"ಕೈ ಅವಳದ್ದು, ಕಣ್ಣು ನಮ್ಮೆಲ್ಲರದ್ದು. ಓಡ್ಸಮ್ಮ."

ಪುಟ್ಟಕ್ಕ ಓಡಿಸಿದಳು. ಸ್ಕ್ರೀನ್ ಎರಡು ಭಾಗವಾಯಿತು. ಎಡಗಡೆ ಹಳೆಯದು, ಬಲಗಡೆ ಈಗಿನದು. ವ್ಯತ್ಯಾಸ ಇರುವ ಸಾಲುಗಳಿಗೆಲ್ಲ ಹಳದಿ ಬಣ್ಣ. ನಾವು ಒಂದೂ ಹಳದಿ ಉಳಿದಿರುವುದಿಲ್ಲ ಎಂದುಕೊಂಡಿದ್ದೆವು. ಇದ್ದ ಒಂದನ್ನು ನಿನ್ನೆಯೇ ಸರಿಪಡಿಸಿಯಾಗಿತ್ತಲ್ಲ?

ಹಳದಿ ಬರುತ್ತಲೇ ಹೋಯಿತು. ಪುಟ ಸರಿಸಿದಷ್ಟೂ ಹಳದಿ. ಪ್ಲೇಟ್‌ಲೆಟ್, ಪ್ಲಾಸ್ಮಾ, ಮಕ್ಕಳ ವಿಭಾಗ, ತುರ್ತು ದಾಸ್ತಾನು, ಪೋಲಾದ ರಕ್ತದ ಪ್ರಮಾಣ— ದಿನಾಂಕ ಬರುವ ಪ್ರತಿಯೊಂದು ಸೂತ್ರದಿಂದಲೂ ಅವಧಿಯ ಷರತ್ತು ಮಾಯವಾಗಿತ್ತು.

"ದೇವರೇ!" ಪುಟ್ಟಕ್ಕ ಮೌಸ್ ಬಿಟ್ಟು ಹಿಂದಕ್ಕೆ ಸರಿದಳು. "ನಾನು ಒಂದೇ ಅಂದ್ಕೊಂಡೆ... ಒಂದನ್ನೇ ತಿದ್ದಿ ಮನೆಗೆ ಹೋದೆ..."

"ಇವನ್ನೆಲ್ಲ ಎಷ್ಟು ಸಲದಲ್ಲಿ ಬದಲಾಯಿಸಿದ್ದಾರೆ?"

"ಒಂದೇ ಸಲ. ಎಲ್ಲಾ ಒಟ್ಟಿಗೆ ಸೇವ್ ಮಾಡಿದ್ದಾರೆ."

"ಮುಖ್ಯ ಸಾಫ್ಟ್‌ವೇರ್‌ನಲ್ಲಿ ಸಾಧ್ಯವಾ?"

"ಆಗೋದೇ ಇಲ್ಲ. ಹೊರಗಿನ ಟೂಲ್‌ನಲ್ಲಿ ಮಾತ್ರ."

ಡಾಕ್ಟರಮ್ಮ ಕುರ್ಚಿ ಹಿಡಿದು ನಿಂತಿದ್ದರು. ಅತ್ತಿಗೆ ಅವರ ಕಡೆ ತಿರುಗಿದರು. "ಮೊದಲು ಇದನ್ನೆಲ್ಲ ಹಳೇ ಸ್ಥಿತಿಗೆ ತರೋಣ. ಅವಳ ಲಾಗಿನ್ ತೆರೀರಿ. ಹೆಸರು ಹೇಳೋದು ಆಮೇಲೆ."

ಟೂಲ್ ಎಲ್ಲ ಸೂತ್ರಗಳನ್ನೂ ಒಟ್ಟಿಗೆ ಹಿಂದಕ್ಕೆ ತಂದಿತು. ಒಂದು ವಾರದ ಕೆಲಸ ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಮುಗಿಯಿತು. ಹಾಲ್‌ನ ದೊಡ್ಡ ಸ್ಕ್ರೀನ್ ಹೊಸದಾಗಿ ಲೆಕ್ಕ ಹಾಕಿ ತೋರಿಸಿದಾಗ ಫೋನ್ ಹಿಡಿದವರೆಲ್ಲ ಎದ್ದು ನಿಂತರು. ಹಸಿರಾಗಿದ್ದ ಸಾಲುಗಳು ಕೆಂಪಾದವು. ಒಂದಾದ ಮೇಲೊಂದು. ಎಲ್ಲ ಇದೆ ಎಂದುಕೊಂಡಿದ್ದ ಜಾಗಗಳಲ್ಲಿ ಏನೂ ಇರಲಿಲ್ಲ.

"ಗಾಡಿ! ಎಲ್ಲಾ ಗಾಡಿ ಹೊರಡ್ಲಿ!" ಡಾಕ್ಟರಮ್ಮ ಕಿರುಚಿದರು.

*

ಗಾಡಿಗಳು ಹೊರಟ ಮೇಲೆ ಅತ್ತಿಗೆ ಬಾಗಿಲು ಹಾಕಿಸಿದರು. ಕೋಣೆಯಲ್ಲಿ ಡಾಕ್ಟರಮ್ಮ, ಮೇಷ್ಟ್ರು, ಪುಟ್ಟಕ್ಕ, ಕೇಬಲ್ ಅಣ್ಣ, ನಾವಿಬ್ಬರು.

"ಹೊರಗಿನ ಟೂಲ್ ಇಲ್ಲದೆ ಇದು ಆಗಲ್ಲ. ಪುಟ್ಟಕ್ಕನ ಮೆಷಿನ್‌ನಲ್ಲಿ ಟೂಲ್ ಇರಲಿಲ್ಲ," ಎಂದು ಅತ್ತಿಗೆ ಶುರುಮಾಡಿದರು.

"ಬೇರೆ ಎಲ್ಲಾದ್ರೂ ಕೂತು ಮಾಡಿರಬಹುದಲ್ಲ?" ಡಾಕ್ಟರಮ್ಮ ಬಿಡಲಿಲ್ಲ.

"ಮಾಡಿರಬಹುದು. ಅದಕ್ಕೇ ಟೂಲ್ ಒಂದನ್ನೇ ನಂಬಿಕೊಂಡು ನಾನು ಹೆಸರು ಹೇಳಲ್ಲ. ಆದ್ರೆ ಯೋಚನೆ ಮಾಡಿ. ಇದನ್ನ ಮಾಡಿದವರಿಗೆ ಎಲ್ಲಾ ಸೂತ್ರಗಳೂ ಕೆಟ್ಟಿವೆ ಅಂತ ಗೊತ್ತಿರುತ್ತೆ. ಇವಳು ಮಾಡಿದ್ರೆ, ಅನಾಹುತ ಆದ್ಮೇಲೆ ಒಂದನ್ನೇ ತಿದ್ದಿ ಮನೆಗೆ ಹೋಗ್ತಿದ್ಲಾ? ಒಂದೇ ಅಂತ ನಂಬಿದ್ಲು, ಅದಕ್ಕೇ ಹೋದ್ಲು. ನೀವೂ ಒಂದೇ ಅಂತ ನಂಬಿದ್ರಿ. ಬೆಳಿಗ್ಗೆ ನನಗೆ ಹೇಳಿದ್ದೂ ಹಾಗೇ, 'ಒಂದು ಸೂತ್ರ'. ಕೇಬಲ್ ಅಣ್ಣನಿಗೆ ಒಂದೂ ಗೊತ್ತಿಲ್ಲ. ಇಡೀ ಕೇಂದ್ರದಲ್ಲಿ 'ಬಳಸಬಹುದಾದ ರಕ್ತ'ದ ಸೂತ್ರ ಒಂದು ಕೆಟ್ಟಿತ್ತು, ಅದು ಸರಿಯಾಯ್ತು ಅಂತಲೇ ಎಲ್ಲರ ಲೆಕ್ಕ."

ಅವರು ಮೇಷ್ಟ್ರ ಕಡೆ ತಿರುಗಿದರು. ದನಿ ಏರಿಸಲಿಲ್ಲ.

"ನಿಮ್ಮೊಬ್ಬರನ್ನ ಬಿಟ್ಟು. ನೀವು ಪ್ಲೇಟ್‌ಲೆಟ್‌ಗೂ ಪ್ಲಾಸ್ಮಾಗೂ ಫೋನ್ ಮಾಡ್ಸಿದ್ರಿ. ಯಾಕೆ? 'ಒಂದೊಂದೇ ತೆಗೆದು ತಿದ್ದುತ್ತಾ ಕೂತ್ರೆ ವಾರ ಬೇಕು' ಅಂದ್ರಿ. ತಿದ್ದೋದಕ್ಕೆ ಇನ್ನೂ ಏನಿದೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ನಾವು ಹೋಲಿಸಿ ನೋಡಿದ್ದೇ ಆಮೇಲೆ. ಕೆಟ್ಟಿರೋದು ಬಹಳ ಇದೆ ಅಂತ ನಿಮಗೆ ಹೇಳಿದ್ದು ಯಾರು ಮೇಷ್ಟ್ರೇ?"



ನನಗೆ ಮುಖಕ್ಕೆ ಹೊಡೆದಂತಾಯಿತು. ಆ ಮಾತನ್ನು ನಾನೂ ಕೇಳಿದ್ದೆ. ಕೇಳಿ ಮೆಚ್ಚಿಕೊಂಡಿದ್ದೆ.

ಮೇಷ್ಟ್ರು ಕುರ್ಚಿಗೆ ಕುಸಿದರು. "ಯಾರೂ ಹೇಳಲಿಲ್ಲ," ಎಂದರು. "ಮಾಡಿದ್ದು ನಾನೇ."

"ಸರ್!" ಪುಟ್ಟಕ್ಕ ಕೂಗಿದಳು.

"ಪೋಲಾದ ರಕ್ತದ ಅಂಕಿ ಇಳಿಯದೇ ಇದ್ದಿದ್ರೆ ಕೇಂದ್ರ ಮುಚ್ತಿದ್ರು. ಹೇಗಾದ್ರೂ ಇಳಿಸಿ, ಹೇಗೆ ಅಂತ ನನಗೆ ಹೇಳಬೇಡಿ ಅಂತ..." ಅವರು ಡಾಕ್ಟರಮ್ಮನನ್ನು ನೋಡಿ ಮಾತು ನುಂಗಿದರು.

ಡಾಕ್ಟರಮ್ಮ ನಿಧಾನವಾಗಿ ತಲೆಯಾಡಿಸಿದರು. "ಹೌದು. ಹಾಗಂದವಳು ನಾನೇ. ಹೇಳಿ, ಮುಚ್ಚಿಡಬೇಡಿ."

"ಅವಧಿ ಮುಗಿದ ಬ್ಯಾಗನ್ನೂ ಇರೋ ಲೆಕ್ಕಕ್ಕೆ ಸೇರಿಸಿದ್ರೆ ಪೋಲು ಅಂತ ಏನೂ ಕಾಣಲ್ಲ. ತಪಾಸಣೆ ಮುಗಿಯೋವರೆಗೆ ಅಷ್ಟೇ, ಆಮೇಲೆ ವಾಪಸ್ ಹಾಕೋಣ ಅಂದ್ಕೊಂಡೆ. ಮಾಡೆಲ್ ತಿದ್ದೋ ಅಧಿಕಾರ ಈಗ ನನ್ನ ಲಾಗಿನ್‌ಗಿಲ್ಲ. ಅವಳದ್ದು ಬಳಸಿದೆ. ಹೋಲಿಸೋ ಟೂಲ್ ಇದ್ರೆ ಮಾರನೇ ದಿನವೇ ಸಿಕ್ಕಿಬೀಳ್ತಿದ್ದೆ. ಅದಕ್ಕೇ ಮೊದಲು ಅದನ್ನ ತೆಗೆಸಿದೆ. ಗಾಡಿಗಳೂ ಅದೇ ಅಂಕಿ ನೋಡಿಕೊಂಡು ಹೋಗೋದು ಅನ್ನೋದು... ತಪಾಸಣೆ ಪುಟ ಒಂದೇ ನನ್ನ ಕಣ್ಣಮುಂದೆ ಇತ್ತು."

"ಒಂದು ಸೂತ್ರ ಮುಟ್ಟೋ ಮೊದಲು ಅದರ ಮೇಲೆ ಏನೇನು ನಿಂತಿದೆ ನೋಡು ಅಂತ ನಂಗೆ ಕಲಿಸಿದ್ದು ನೀವು." ಪುಟ್ಟಕ್ಕನ ಕಣ್ಣಲ್ಲಿ ಈಗ ನೀರಿರಲಿಲ್ಲ. "ಅದಕ್ಕೆ ಅಂತಲೇ ಟೂಲ್ ಇತ್ತು. ನೀವು ನೋಡಲಿಲ್ಲ. ಹೋಗಲಿ. ನಿನ್ನೆ ಆ ಹುಡುಗಿ ಸಾಯೋ ಸ್ಥಿತೀಲಿದ್ದಾಗ ಯಾಕೆ ಸುಮ್ಮನಿದ್ರಿ? ಒಂದು ಮಾತು ಸಾಕಾಗಿತ್ತು."

"ನಿನ್ನ ಲಾಗಿನ್ ಬಂದ್ ಆಯ್ತು. ನನ್ನದರಲ್ಲಿ ತಿದ್ದೋಕಾಗಲ್ಲ. ನಿಜ ಹೇಳದೆ ಸರಿಮಾಡೋಕೆ ದಾರಿ ಹುಡುಕ್ತಿದ್ದೆ. ರಾತ್ರಿಯೆಲ್ಲ ಹುಡುಕಿದೆ. ಸಿಗಲಿಲ್ಲ. ಫೋನ್ ಮಾಡ್ಸೋದು ಬಿಟ್ಟು ಬೇರೇನೂ ತೋಚಲಿಲ್ಲ."

"ನನ್ನನ್ನ ಪೊಲೀಸರು ಕರ್ಕೊಂಡು ಹೋಗೋದು ನೋಡ್ತಾ ನಿಂತಿರ್ತಿದ್ರಾ?"

ಮೇಷ್ಟ್ರು ಎರಡೂ ಅಂಗೈಗಳಿಂದ ಮುಖ ಮುಚ್ಚಿಕೊಂಡರು.

"ಒಂದು ಮಾತು ದಾಖಲಾಗಲಿ," ಅತ್ತಿಗೆ ನನಗೆ ಹೇಳಿದರು. "ಇವರು ಆ ಫೋನ್‌ಗಳನ್ನ ಮಾಡಿಸದೆ ಬಾಯಿ ಮುಚ್ಚಿಕೊಂಡಿದ್ರೆ ನಾನು ಇವರನ್ನ ಹಿಡಿಯೋಕೆ ಬಹಳ ಕಷ್ಟಪಡಬೇಕಿತ್ತು. ಮಕ್ಕಳ ಆಸ್ಪತ್ರೆಯ ಆ ಮಗು ಇರ್ತಿರಲಿಲ್ಲ. ಎರಡನ್ನೂ ಬರಿ."

ಪೊಲೀಸರು ಬಂದಾಗ ಮೇಷ್ಟ್ರು ತಾವೇ ಎದ್ದು ನಿಂತರು. ಡಾಕ್ಟರಮ್ಮ, ತಾನು ಆಡಿದ ಮಾತನ್ನೂ ಹೇಳಿಕೆಯಲ್ಲಿ ಸೇರಿಸಿಕೊಳ್ಳಿ ಎಂದು ಅವರ ಹಿಂದೆಯೇ ಹೋದರು.

*

ಆಸ್ಪತ್ರೆಗೆ ಹೋಗೋಣ ಎಂದವಳು ಪುಟ್ಟಕ್ಕ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಹೊರಗೆ ನೋಡುತ್ತಿದ್ದಳು.

ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಬಾಣಂತಿಯ ತಾಯಿ ಇದ್ದರು. ಅತ್ತಿಗೆ ಅವರ ಪಕ್ಕದಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಯಾರು, ಯಾಕೆ, ಹೇಗೆ. ಆಕೆ ಮಧ್ಯೆ ಬಾಯಿ ಹಾಕಲಿಲ್ಲ. ಶಾಪ ಹಾಕಲೂ ಇಲ್ಲ.

"ಈಗ ಅದು ಸರಿಯಾಗಿ ಹೇಳುತ್ತಾ?" ಎಂದು ಕೇಳಿದರು ಕೊನೆಗೆ.

"ಹೇಳುತ್ತೆ ಅಮ್ಮ," ಎಂದಳು ಪುಟ್ಟಕ್ಕ.

"ಹಾಗಾದ್ರೆ ನೋಡಿ ಹೇಳು ಮಗಳೇ. ಇವಳಿಗೆ ಇವತ್ತು ಮತ್ತೆ ರಕ್ತ ಬೇಕಂತೆ."

ಪುಟ್ಟಕ್ಕ ಫೋನ್ ತೆಗೆದಳು. ಆ ಆಸ್ಪತ್ರೆಯ ಸಾಲು ಕೆಂಪಾಗಿತ್ತು. ಅವಳು ನನ್ನ ಮುಖ ನೋಡಿದಳು, ಅತ್ತಿಗೆಯ ಮುಖ ನೋಡಿದಳು. ಆಮೇಲೆ ಆ ತಾಯಿಯ ಮುಖ ನೋಡಿಯೇ ಹೇಳಿದಳು.

"ಇಲ್ಲಿ ಒಂದೂ ಇಲ್ಲ. ಹೊಳೆಯಾಚೆ ಆಸ್ಪತ್ರೇಲಿದೆ. ಅಲ್ಲಿಂದ ಗಾಡಿ ಹೊರಟಿದೆ."

"ಬರುತ್ತಾ?"

"ಬರುತ್ತೆ. ಬರೋವರೆಗೂ ನಾನು ಇಲ್ಲೇ ಇರ್ತೀನಿ."

ಆ ತಾಯಿ ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಪುಟ್ಟಕ್ಕ ಕೂತಳು. ಇಬ್ಬರೂ ಮೆಟ್ಟಿಲಿನ ಕಡೆ ಕಿವಿಯಿಟ್ಟುಕೊಂಡು ಕಾದರು. ಅತ್ತಿಗೆ ಹೋಗೋಣ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಕೆಳಗೆ ಗಾಡಿ ನಿಂತ ಸದ್ದಾಗಿ, ಯಾರೋ ಮೆಟ್ಟಿಲುಗಳನ್ನು ಓಡುತ್ತ ಹತ್ತಿ ಬರುವುದು ಕೇಳಿಸಿದಾಗ ನಾವು ನಾಲ್ವರೂ ಒಟ್ಟಿಗೆ ಎದ್ದು ನಿಂತೆವು.